ಸಭೆಗೆ ಒಂದು ದಿನ ಮೊದಲೇ ಬರೆದ ಠರಾವು

ಮೊನ್ನೆ ಮಿಕ್ಸರಿನ ಗ್ಯಾರಂಟಿ ಕಾರ್ಡು ಹುಡುಕುತ್ತಿದ್ದೆ. ನಮ್ಮ ಮನೆಯಲ್ಲಿ ಒಂದು ವಸ್ತುವನ್ನು ಹುಡುಕಲು ಹೊರಟರೆ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಹಳೆಯ ಟೆಲಿಫೋನಿನ ವೈರು ಸಿಕ್ಕಿತು. ನನ್ನ ಮದುವೆಯಲ್ಲಿ ಹಂಚದೆ ಉಳಿದ ಎರಡು ಲಗ್ನಪತ್ರಿಕೆ ಸಿಕ್ಕವು. ಯಾರನ್ನು ಕರೆಯಲು ಮರೆತಿದ್ದೆವೋ ಏನೋ. ಅವುಗಳ ಕೆಳಗೆ ಕೆಂಪು ರಟ್ಟಿನ ಒಂದು ದಪ್ಪ ಪುಸ್ತಕ. ಅದರ ಮೇಲೆ ನನ್ನದೇ ದುಂಡಕ್ಷರದಲ್ಲಿ 'ನಡಾವಳಿ ಪುಸ್ತಕ, ಸಲಹಾ ಸಮಿತಿ, ಭಾತಂಬ್ರಾ' ಎಂದಿತ್ತು. ಮಿಕ್ಸರು ಎಲ್ಲಾದರೂ ಹೋಗಲಿ ಎಂದು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ನಡಾವಳಿ ಪುಸ್ತಕವೆಂದರೆ ಸಭೆಯಲ್ಲಿ ಯಾರು ಬಂದರು, ಏನು ಮಾತಾಯಿತು, ಏನು ತೀರ್ಮಾನವಾಯಿತು ಎಂದು ಬರೆದಿಡುವ ಪುಸ್ತಕ. ತೀರ್ಮಾನಕ್ಕೆ ನಮ್ಮ ಕಡೆ ಠರಾವು ಅನ್ನುತ್ತೇವೆ. ಮೊದಲ ಪುಟದ ಠರಾವನ್ನು ಓದಿದೆ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವ ಲಕ್ಷಣ ಕಾಣುವುದಿಲ್ಲ. ಒಂದು ಗೀಟಿಲ್ಲ, ಒಂದು ತಿದ್ದುಪಡಿಯಿಲ್ಲ. ಕೊನೆಗೆ 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದು ಬರೆದು ಕೆಳಗೆ ಸ್ಕೇಲಿನಿಂದ ಎರಡೆರಡು ಗೆರೆ ಎಳೆದಿದ್ದೇನೆ. ಸಭೆಯಲ್ಲಿ ಕುಳಿತು ಇಷ್ಟು ಚೊಕ್ಕಟವಾಗಿ ಬರೆಯುವುದು ಯಾರಿಂದ ಸಾಧ್ಯ ಎಂದು ನೀವು ಕೇಳಬಹುದು. ಯಾರಿಂದಲೂ ಸಾಧ್ಯವಿಲ್ಲ. ನಾನು ಅದನ್ನು ಸಭೆಗೆ ಒಂದು ದಿನ ಮೊದಲೇ, ಬೀದರಿನ ನನ್ನ ಮನೆಯಲ್ಲಿ, ಫ್ಯಾನಿನ ಕೆಳಗೆ ಕುಳಿತು ಬರೆದಿದ್ದೆ.

ನಗಬೇಡಿ. ಇದು ನಮ್ಮ ಮನೆತನದ ವಿದ್ಯೆ.

ನನ್ನ ಅಪ್ಪ ಬೀದರಿನಲ್ಲಿ ನಮ್ಮ ಚರ್ಚಿನ ಕಮಿಟಿಗೆ ಸೆಕ್ರೆಟರಿಯಾಗಿದ್ದರು. ಎಷ್ಟು ವರ್ಷ ಎಂದು ಕೇಳಿದರೆ ಅವರಿಗೂ ಲೆಕ್ಕವಿರಲಿಲ್ಲ. ಕಮಿಟಿ ಸೇರುವುದು ಭಾನುವಾರ ಆರಾಧನೆ ಮುಗಿದ ಮೇಲೆ. ಅಪ್ಪ ಅದರ ನಡಾವಳಿ ಬರೆಯುತ್ತಿದ್ದುದು ಶನಿವಾರ ಸಂಜೆ. ಪಡಸಾಲೆಯಲ್ಲಿ ಚಾಪೆ ಹಾಸಿ, ಮಸಿ ಕುಡಿಕೆ ಎದುರಿಗಿಟ್ಟುಕೊಂಡು, ಪೆನ್ನಿನ ಮುಳ್ಳನ್ನು ತಲೆಗೂದಲಿಗೆ ಒರೆಸುತ್ತ ಬರೆಯುತ್ತಿದ್ದರು. ಅಪ್ಪನ ಬಲಗಿವಿಯ ಮೇಲಿನ ಕೂದಲು ಯಾವಾಗಲೂ ಸ್ವಲ್ಪ ನೀಲಿ. ಒಣಗಿಸುವ ಕಾಗದ ಒತ್ತುವ ಕೆಲಸ ನನ್ನದು. ಒತ್ತಿ ತೆಗೆದರೆ ಅದರಲ್ಲಿ ಅಪ್ಪನ ಅಕ್ಷರಗಳು ತಿರುಗುಮುರುಗಾಗಿ ಮೂಡುತ್ತಿದ್ದವು. ಅದನ್ನು ಕನ್ನಡಿಯಲ್ಲಿ ಹಿಡಿದು ಓದಿ, ನಾಳೆ ಏನಾಗುತ್ತದೆಂದು ಇವತ್ತೇ ತಿಳಿದ ಜಂಬದಲ್ಲಿ ನಾನು ಓಡಾಡುತ್ತಿದ್ದೆ.

ಅವ್ವ ನರ್ಸು. ಡ್ಯೂಟಿ ಮುಗಿಸಿ ಬಂದವಳು ಗಂಜಿ ಹಾಕಿದ ಬಿಳಿ ಸೀರೆಯಲ್ಲೇ ನಿಂತು ಒಮ್ಮೆ ಕೇಳಿದಳು.

"ನಾಳಿನ ಸಭಾದಾಗ ಯಾರ್ ಏನ್ ಅಂತಾರಂತ ನಿಮಗ ಇವತ್ತ ಹ್ಯಾಂಗ ಗೊತ್ತರಿ?"

"ಎಲ್ಲಾರೂ ಹೂಂ ಅಂತಾರ. ಇಷ್ಟ್ ವರ್ಷ ಹೂಂ ಅಂದವರು ನಾಳೆ ಮತ್ತೇನ್ ಅಂದಾರು?" ಎಂದರು ಅಪ್ಪ, ತಲೆಯೆತ್ತದೆ.

ಒಂದು ಸಲ ಚರ್ಚಿನ ಕಿಟಕಿಗಳಿಗೆ ಹಸಿರು ಬಣ್ಣ ಬಳಿಯುವುದೆಂದು ಅಪ್ಪ ಶನಿವಾರವೇ ಬರೆದಿಟ್ಟರು. ಭಾನುವಾರ ಆ ಹಸಿರಿನ ಮೇಲೇ ಇಬ್ಬರು ಹಿರಿಯರಿಗೆ ಜಟಾಪಟಿಯಾಯಿತು. ಒಬ್ಬರು ಎದ್ದು ಹೊರಟೇಹೋದರು, ಕನ್ನಡಕ ಬಿಟ್ಟು. ನಡಾವಳಿಯಲ್ಲಿ ಮಾತ್ರ 'ಹರ್ಷದಿಂದ ಅಂಗೀಕರಿಸಲಾಯಿತು' ಎಂದೇ ಉಳಿಯಿತು, ಏಕೆಂದರೆ ಮಸಿ ಆಗಲೇ ಒಣಗಿತ್ತು. ಕಿಟಕಿಗಳಿಗೆ ಯಾರೂ ಬಣ್ಣ ಹಚ್ಚಲಿಲ್ಲ. ನಾನು ಎರಡು ಜಡೆ ಹಾಕಿಕೊಳ್ಳುವ ವಯಸ್ಸಿನಿಂದ ಕಾಲೇಜಿಗೆ ಹೋಗುವವರೆಗೂ ಆ ಕಿಟಕಿಗಳ ಸಿಪ್ಪೆ ಏಳುವುದನ್ನು ಪಾದ್ರಿಗಳ ಪ್ರಸಂಗ ಕೇಳುತ್ತ ನೋಡಿದ್ದೇನೆ. ಪಾಠ ಅಷ್ಟು ವರ್ಷ ಕಣ್ಣೆದುರಿಗೇ ಇತ್ತು. ನಾನು ಕಲಿತದ್ದು ಮಾತ್ರ ಸ್ಕೇಲಿನಿಂದ ಎರಡು ಗೆರೆ ಎಳೆಯುವುದನ್ನು.

ಇರಲಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ನಿವೃತ್ತಿಯಾದ ಗಣಿತದ ಟೀಚರಿಗೆ ಎರಡೇ ದಾರಿ. ನೆರೆಹೊರೆಯ ಮಕ್ಕಳನ್ನು ಟ್ಯೂಷನ್ನಿಗೆ ಎಳೆದು ತರುವುದು, ಇಲ್ಲವೇ ಸಮಾಜಸೇವೆ. ಮಕ್ಕಳು ನನ್ನನ್ನು ಕಂಡರೆ ರಸ್ತೆ ದಾಟುತ್ತಿದ್ದುದರಿಂದ ಸಮಾಜಸೇವೆ ಖಾಯಂ ಆಯಿತು. ಶಾಲೆ ಬಿಟ್ಟ ಹೆಂಗಸರಿಗೆ ಸಂಜೆ ಪಾಠ ಹೇಳಿ, ಖಾಸಗಿಯಾಗಿ ಹತ್ತನೆಯ ಪರೀಕ್ಷೆ ಕಟ್ಟಿಸುವ ಒಂದು ಸಂಸ್ಥೆಯವರು ಬಂದು, ಬೀದರ ನಗರ, ಭಾಲ್ಕಿ ಕಡೆಯ ಭಾತಂಬ್ರಾ, ಮತ್ತು ಔರಾದ ಈ ಮೂರೂ ಕಡೆ ಊರವರದೇ ಸಲಹಾ ಸಮಿತಿ ಕಟ್ಟಿಕೊಡಿ ಎಂದರು. ಸಂಬಳವಿಲ್ಲದ ಸದಸ್ಯರು, ಸಂಬಳವಿಲ್ಲದ ನಾನು. ಇಷ್ಟೇ ತಾನೇ, ಸಮಿತಿ ಎಂದರೆ ನನ್ನ ರಕ್ತದಲ್ಲೇ ಇದೆ ಎಂದು ಒಪ್ಪಿಕೊಂಡೆ.

ಬೀದರಿನದು ಮೊದಲು. ಊರು ನನ್ನದು, ಪರಿಚಯವೂ ಬೇಕಾದಷ್ಟು. ಒಬ್ಬ ಡಾಕ್ಟರು, ಒಬ್ಬ ವಕೀಲರು, ಒಬ್ಬ ನಿವೃತ್ತ ಅಧಿಕಾರಿ, ಇಬ್ಬರು ಪ್ರಾಚಾರ್ಯರು. ಮೊದಲ ಸಭೆಯಲ್ಲೇ ಎಲ್ಲರಿಗೂ ಶಾಲು ಹೊದಿಸಿ, ಹಾರ ಹಾಕಿ, ಕೈಗೊಂದು ಬಿದರಿ ಕೆಲಸದ ಪುಟ್ಟ ಹೂದಾನಿ ಕೊಟ್ಟು, ಸಾಲಾಗಿ ನಿಲ್ಲಿಸಿ ಫೋಟೋ ಹೊಡೆಸಿದೆ. ಎರಡನೆಯ ಸಭೆಗೆ ಬಂದವರು ಇಬ್ಬರು. ಒಬ್ಬಳು ನಾನು. ಇನ್ನೊಬ್ಬರು ವಕೀಲರು, ಹಿಂದಿನ ಫೋಟೋದಲ್ಲಿ ಅವರ ಕಣ್ಣು ಮುಚ್ಚಿಹೋಗಿತ್ತಂತೆ, ಮತ್ತೊಮ್ಮೆ ಹೊಡೆಯುತ್ತಾರೇನೋ ಎಂದು ಬಂದಿದ್ದರು. ಡಾಕ್ಟರಿಗೆ ಫೋನು ಮಾಡಿದೆ.

"ಟೀಚರ್, ಸನ್ಮಾನ ಆತಲ್ರಿ? ಮತ್ತೇನ್ ಉಳದದರಿ?" ಎಂದರು, ನಿಜವಾಗಿ ಆಶ್ಚರ್ಯಪಟ್ಟು.

ಅವರದೇನೂ ತಪ್ಪಿಲ್ಲ. ನಮ್ಮಲ್ಲಿ ಶಾಲು ಹೊದಿಸುವುದು ಕೆಲಸ ಮುಗಿಸಿದವರಿಗೆ. ವರ್ಗವಾದವರಿಗೆ, ನಿವೃತ್ತರಾದವರಿಗೆ, ಇನ್ನು ಬರುವುದಿಲ್ಲವೆಂದು ಖಾತ್ರಿಯಾದವರಿಗೆ. ನಾನು ಕೆಲಸ ಶುರುವಾಗುವ ಮೊದಲೇ ಐದೂ ಜನರನ್ನು ನಿವೃತ್ತಿ ಮಾಡಿಸಿ ಕಳಿಸಿದ್ದೆ.

ಭಾತಂಬ್ರಾಕ್ಕೆ ಶಾಲು ಒಯ್ಯಲಿಲ್ಲ. ಒಂದು ತಪ್ಪನ್ನು ಎರಡು ಸಲ ಮಾಡುವವಳಲ್ಲ ನಾನು, ಹೊಸದನ್ನು ಮಾಡುತ್ತೇನೆ. ಈ ಕೆಂಪು ರಟ್ಟಿನ ಪುಸ್ತಕವನ್ನು ಒಯ್ದೆ.

ಅಲ್ಲಿ ಬುದ್ಧ ವಿಹಾರದ ಹಾಲನ್ನು ಪಾಠಕ್ಕೆ ಬಿಟ್ಟುಕೊಟ್ಟವರು ಗೌತಮರಾವ್. ಅಂಚೆ ಇಲಾಖೆಯಿಂದ ನಿವೃತ್ತರಾದವರು, ಎಪ್ಪತ್ತರ ಹತ್ತಿರ ವಯಸ್ಸು, ಊರಿಗೆಲ್ಲ ಕಾಕಾ. ಅವರನ್ನೇ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಿದೆ. ಜೊತೆಗೆ ಊರಿನ ನಾಲ್ಕು ಜನ ಗಂಡಸರು. ಹಾಸಿದ ಸತರಂಜಿಯ ಮೇಲೆ ಎಲ್ಲರೂ ಕೂತರು. ನಾನು ಠರಾವನ್ನು ಓದಿದೆ. ಪಾಠ ಸಂಜೆ ಆರರಿಂದ ಎಂಟು, ವಾರಕ್ಕೆ ಆರು ದಿನ. "ಯಾರದಾದ್ರೂ ಏನಾದ್ರೂ ಸಲಹಾ ಅದೇನ್ರಿ?" ಎಂದು ಕೇಳಿದೆ. ಕೇಳಿದ್ದೇನೋ ಹೌದು, ಆದರೆ ಪೆನ್ನಿನ ಟೊಪ್ಪಿಗೆ ಆಗಲೇ ಮುಚ್ಚಿದ್ದೆ.

"ಇಲ್ರಿ ಟೀಚರ್, ಬರೋಬರಿ ಅದರಿ," ಎಂದರು ಕಾಕಾ. ಎಲ್ಲರೂ ಸಹಿ ಮಾಡಿದರು. ಇಪ್ಪತ್ತು ನಿಮಿಷದಲ್ಲಿ ಸಭೆ ಮುಗಿಯಿತು. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಆ ದಿನ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಸೆರಗಿಗೆ ಅರಿಶಿಣದ ಕಲೆ, ಕೈಯಲ್ಲಿ ಎರಡು ನೋಟುಬುಕ್ಕು. ಹೆಸರು ಕಮಲಾಬಾಯಿ. ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಒಂಬತ್ತನೆಯದು ಓದುವಾಗ ಮದುವೆಯಾಗಿ ಬಿಟ್ಟವಳು.

"ಯಾಕ್ ಓದಬೇಕಂತೀಯವ್ವ?" ಎಂದು ಕೇಳಿದೆ. ಎಲ್ಲರನ್ನೂ ಕೇಳುತ್ತೇನೆ. ನೌಕರಿ ಎನ್ನುತ್ತಾರೆ, ಮಕ್ಕಳಿಗೆ ಹೇಳಿಕೊಡಲು ಎನ್ನುತ್ತಾರೆ.

"ಸಾಲ್ಯಾಗ ಇಷ್ಟ್ ವರ್ಷ ಬ್ಯಾಳಿ ಕುದಿಸೇನ್ರಿ ಟೀಚರ್. ಪಾಠ ಎಲ್ಲಾ ಗ್ವಾಡಿ ಆಚಿ ಕಡಿಂದ ಕೇಳೇನಿ. ಒಂದ್ ಸಲ ಹತ್ತನೇದು ಬರೀಬೇಕ್ರಿ. ಪಾಸ್ ಆಗ್ತೇನೋ ಬಿಡ್ತೇನೋ, ನಾನೂ ಬರದೇನಿ ಅಂತ ನನಗ ಆಗಬೇಕ್ರಿ."

ಇವಳನ್ನು ಪರೀಕ್ಷೆಗೆ ಕೂರಿಸಿಯೇ ಸಿದ್ಧ ಎಂದು ಅಲ್ಲಿಯೇ ನಿಶ್ಚಯಿಸಿದೆ. ನಾನು ನಿಶ್ಚಯಿಸುವುದರಲ್ಲಿ ಯಾವತ್ತೂ ಹಿಂದೆ ಬಿದ್ದವಳಲ್ಲ.

ಹದಿನೆಂಟು ಹೆಂಗಸರು ಹೆಸರು ಬರೆಸಿದ್ದರು. ದಿನದ ಪಾಠಕ್ಕೆ ಸಂಸ್ಥೆಯ ಒಬ್ಬ ಟೀಚರು, ವಾರಕ್ಕೆರಡು ದಿನ ಗಣಿತಕ್ಕೆ ನಾನು. ಮೊದಲ ವಾರ ಹನ್ನೆರಡು ಜನ ಬಂದರು. ಎರಡನೆಯ ವಾರ ಏಳು. ತಿಂಗಳಾಗುವಷ್ಟರಲ್ಲಿ ಮೂರು. ಕಮಲಾಬಾಯಿಯೂ ಒಂದು ದಿನ ಬಂದರೆ ಎರಡು ದಿನ ಇಲ್ಲ. ಬಂದ ದಿನವೂ ಅರ್ಧ ತಾಸು ತಡ, ಸೀರೆಯ ನೆರಿಗೆ ಒದ್ದೆ. ಗಣಿತದ ಟೀಚರಿಗೆ ಇಂಥ ಇಳಿಜಾರು ಗೆರೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಯಾರೂ ಹೇಳಬೇಕಾಗಿಲ್ಲ. ಅಷ್ಟರಲ್ಲಿ ಸಂಸ್ಥೆಯ ಪತ್ರವೂ ಬಂತು. ದೀಪಾವಳಿಯ ಹೊತ್ತಿಗೆ ದಿನವೂ ಹತ್ತು ಜನ ಬರದಿದ್ದರೆ ಭಾತಂಬ್ರಾದ ಕೇಂದ್ರ ಬಂದ್. ಕೇಂದ್ರ ಬಂದಾದರೆ ಕಮಲಾಬಾಯಿಯ ಹತ್ತನೆಯದೂ ಬಂದ್. ಅವಳು ಭಾಲ್ಕಿಗೆ ಹೋಗಿ ಟ್ಯೂಷನ್ ಹೇಳಿಸಿಕೊಳ್ಳುವುದು ಆಗದ ಮಾತು.

ನಾನು ಗಡಿಬಿಡಿಯಿಂದ ಎರಡನೆಯ ಸಭೆ ಕರೆದೆ. ಹೌದು, ಠರಾವು ಹಿಂದಿನ ದಿನವೇ ಬರೆದೆ. 'ಮಹಿಳೆಯರು ಕಡ್ಡಾಯವಾಗಿ ಹಾಜರಾಗುವಂತೆ ಮನೆಮನೆಗೆ ತಿಳಿವಳಿಕೆ ನೀಡುವುದು.' ಓದಿದೆ. "ಬರೋಬರಿ ಅದರಿ," ಎಂದರು. ಸಹಿಯಾಯಿತು. ಎಲ್ಲರೂ ಎದ್ದು ಹೊರಗೆ ಚಪ್ಪಲಿ ಹುಡುಕತೊಡಗಿದರು. ನಾನೂ ನನ್ನ ಚಪ್ಪಲಿಗೆ ಕಾಲು ತೂರಿಸುತ್ತಿದ್ದೆ. ಆಗ ಪಕ್ಕದಲ್ಲಿ ಕಾಕಾ, ತಮ್ಮ ಚಪ್ಪಲಿಗೇ ಹೇಳುವವರ ಹಾಗೆ ತಲೆ ತಗ್ಗಿಸಿ, ಮೆಲ್ಲಗೆ ಅಂದರು.

"ಆರಕ್ಕ ನಳಕ್ಕ ನೀರ್ ಬರ್ತಾವಲ್ರಿ ಟೀಚರ್. ನೀರ್ ಬಿಟ್ಟು ಯಾವ ಹೆಣ್ಮಗಳು ಬರ್ತಾಳ್ರಿ?"

ನಾನು ಒಂದು ಕಾಲಿನ ಮೇಲೆಯೇ ನಿಂತೆ. "ಇದು ನಿಮಗ ಮೊದಲ ಗೊತ್ತಿತ್ತೇನ್ರಿ?"

"ಊರಿಗೆಲ್ಲ ಗೊತ್ತದರಿ."

"ಮತ್ತ ಸಭಾದಾಗ ಯಾಕ ಹೇಳ್ಲಿಲ್ರಿ ಕಾಕಾ? ಎರಡ್ ಸಲ ಕೇಳಿದೆ!"

"ಬರದ್ ಬಿಟ್ಟಿದ್ರಲ್ರಿ." ಕಾಕಾ ಈಗ ತಲೆಯೆತ್ತಿದರು. "ನಮ್ಮ ಅಪ್ಪಗ ಸಾಲ್ಯಾಗ ಹೊರಗ ಕುಂದ್ರಸ್ತಿದ್ರು. ಕಿಡಕ್ಯಾಗಿಂದ ನೋಡಿ ನಾಕ್ ಅಕ್ಷರ ಕಲ್ತ. ಬರದ ಹಾಳಿ ಕೆಳಗ ಬಿದ್ರ ಎತ್ತಿ ಕಣ್ಣಿಗಿ ಒತ್ಕೋತಿದ್ದ. ಅಂವ ಸಾಯೂ ಮಟ ಯಾರ ಬರದದ್ದರ ಮ್ಯಾಲೂ ಗೀಟ್ ಹೊಡೀಲಿಲ್ಲ. ನೀವ್ ಇಷ್ಟು ಚೆಂದ ಬರದ್ ತಂದೀರಿ. ಅದರ ಮ್ಯಾಲ ನಾ ಹ್ಯಾಂಗ ಗೀಟ್ ಹೊಡೀಲಿರಿ?"

ನನಗೆ ನಾಚಿಕೆಯಾಯಿತು. ಆ ನಾಚಿಕೆ ಈಗಲೂ, ಈ ಪುಟದ ಮೇಲೆ ಬೆರಳಿಟ್ಟಾಗ, ಹೊಸದಾಗಿಯೇ ಇದೆ. ನನ್ನ ಅಪ್ಪ ಸಮಯ ಉಳಿಸಲೆಂದು ಮೊದಲೇ ಬರೆಯುತ್ತಿದ್ದರು. ಇವರ ಅಪ್ಪ ಕಿಟಕಿಯಾಚೆಯಿಂದ ಸಂಪಾದಿಸಿದ ಅಕ್ಷರಕ್ಕೆ ಅಂಥ ಮರ್ಯಾದೆ ಇಟ್ಟಿದ್ದರು. ಆ ಮರ್ಯಾದೆಯನ್ನು ನಾನು ಒಪ್ಪಿಗೆ ಎಂದು ತಿಳಿದು, ಕೆಳಗೆ ಎರಡು ಗೆರೆ ಎಳೆದಿದ್ದೆ.

ಆ ಸಂಜೆ ಬಸ್ಸಿಗೆ ಹೋಗದೆ ನಳದ ಹತ್ತಿರ ಹೋದೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂಬ ಗಾದೆಯಿದೆ. ನಾನು ಊರಿಗೆ ಹತ್ತು ಸಲ ಬಂದು ನೀರಿಗೆ ಒಮ್ಮೆಯೂ ಬಾರದ ಮಹಾತಾಯಿ. ಅಲ್ಲಿ ನೋಡಿದರೆ ನನ್ನ ಹಾಜರಿ ಪುಸ್ತಕವೇ ಕೊಡ ಹಿಡಿದು ಸಾಲಾಗಿ ನಿಂತಿತ್ತು. ಹದಿನೆಂಟರಲ್ಲಿ ಹದಿನಾಲ್ಕು ಜನ! ನನ್ನನ್ನು ಕಂಡು ಕೆಲವರು ಸೆರಗಿನಲ್ಲಿ ಮುಖ ಮುಚ್ಚಿ ನಕ್ಕರು. ಕಮಲಾಬಾಯಿ ಸಾಲಿನ ನಡುವೆ ನಿಂತು, ಕೊಡದ ಮೇಲೆ ನೋಟುಬುಕ್ಕಿಟ್ಟು ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡುತ್ತಿದ್ದಳು.

ಊರಿಗೆ ನೀರು ಬಿಡುವ ವಾಟರ್‌ಮನ್ ತುಕಾರಾಮ ವಾಲ್ವಿನ ಹತ್ತಿರ ಕಬ್ಬಿಣದ ಚಾವಿ ಹಿಡಿದು ಕುಳಿತಿದ್ದ. ಐವತ್ತರ ಮನುಷ್ಯ, ಮಾತು ಕಡಿಮೆ. ಅವನನ್ನು ಕೇಳಿದೆ.

"ತುಕಾರಾಮಣ್ಣಾ, ನೀರು ಸಂಜಿಗೇ ಬಿಡಬೇಕೇನಪ?"

"ಹಂಗೇನಿಲ್ರಿ. ಟಾಕಿ ತುಂಬಿ ಇರ್ತದ. ಮುಂಜಾನೆನೂ ಬಿಡಾಕ ಬರ್ತದರಿ."

"ಮತ್ತ ಸಂಜಿಗಿ ಯಾಕ ಬಿಡ್ತಿ?"

ಅವನು ಚಾವಿಯನ್ನು ನೆಲಕ್ಕಿಟ್ಟು ನನ್ನನ್ನೇ ನೋಡಿದ. ಈ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲವೆಂದು ಕಾಣುತ್ತದೆ. "ನಮ್ಮ ಅಪ್ಪ ಸಂಜಿಗಿ ಬಿಡ್ತಿದ್ದರಿ."

ನಾನು ನಗಲಿಲ್ಲ. ನಗುವ ಅಧಿಕಾರ ನನಗಿರಲಿಲ್ಲ. ಅವನೂ ಅವನಪ್ಪನ ಮಗ, ನಾನೂ ನನ್ನಪ್ಪನ ಮಗಳು.

ಮೂರನೆಯ ಸಭೆಗೆ ಖಾಲಿ ಪುಟ ಒಯ್ದೆ. ಹಾಗೆ ಹೋಗುವುದು ಎಷ್ಟು ಕಷ್ಟವೆಂದು ನಿಮಗೆ ಹೇಗೆ ಹೇಳಲಿ? ಬಸ್ಸಿನಲ್ಲಿ ನಾಲ್ಕು ಸಲ ಪೆನ್ನು ತೆಗೆದೆ, ನಾಲ್ಕು ಸಲ ಒಳಗಿಟ್ಟೆ. ಸಮಿತಿಗೆ ಈ ಸಲ ಕಮಲಾಬಾಯಿಯನ್ನೂ, ಓದುವ ಇನ್ನಿಬ್ಬರು ಹೆಂಗಸರನ್ನೂ, ತುಕಾರಾಮನನ್ನೂ ಸೇರಿಸಿದ್ದೆ. ಊರಿನ ಗಣ್ಯರ ಹೆಸರು ಕಳಿಸಿ ಎಂದು ಸಂಸ್ಥೆಯವರು ಕೇಳಿದ್ದರು. ನೀರು ಬಿಡುವವನಿಗಿಂತ ಗಣ್ಯರು ಆ ಊರಲ್ಲಿ ಯಾರಿದ್ದಾರೆ ಎಂದು ತಿರುಗಿ ಬರೆದೆ.

ಪೆನ್ನನ್ನು ಕಾಕಾ ಅವರ ಮುಂದೆ ಹಿಡಿದೆ. ಅವರು ಎರಡೂ ಕೈ ಹಿಂದೆ ಕಟ್ಟಿಕೊಂಡರು. "ಕಮಲಾ ಬರೀಲಿರಿ. ಪರೀಕ್ಷಾ ಬರಿಯಾಕಿ ಅಕೀ ಅಲ್ಲೇನು?" ಎಂದರು. ಕಮಲಾಬಾಯಿ ಹಣೆಯ ಬೆವರೊರೆಸಿಕೊಂಡು ಬರೆಯಲು ಕುಳಿತಳು. ಆಮೇಲೆ ನಡೆದದ್ದನ್ನು ಸಭೆ ಅನ್ನುವುದಕ್ಕಿಂತ ಜಗಳ ಅನ್ನುವುದು ಸರಿ. ನೀರು ಬೆಳಿಗ್ಗೆಯಾದರೆ ಹಾಲು ಹಿಂಡುವುದು ಯಾವಾಗ ಎಂದು ಒಬ್ಬಳು ಕೇಳಿದಳು. ಹೊಲಕ್ಕೆ ಹೋಗುವವರು ಆರಕ್ಕೇ ಹೊರಡುತ್ತಾರೆ ಎಂದಳು ಇನ್ನೊಬ್ಬಳು. ಗಂಡಸರಲ್ಲೊಬ್ಬರು, ಪಾಠವನ್ನೇ ಮಧ್ಯಾಹ್ನಕ್ಕೆ ಇಡಿ ಎಂದರು. "ಮಧ್ಯಾಹ್ನ ಕಳೆ ನೀವ್ ತಗೀತೀರೇನ್ರಿ?" ಎಂದು ಅವರಿಗೆ ಉತ್ತರ ಬಂತು. ನನ್ನ ಕೈ ಚಡಪಡಿಸುತ್ತಿತ್ತು. ಎರಡು ನಿಮಿಷದಲ್ಲಿ ಎಲ್ಲವನ್ನೂ ತೀರ್ಮಾನಿಸಿ ಕೊಡಬಲ್ಲೆ ಅನ್ನಿಸುತ್ತಿತ್ತು. ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕುಳಿತೆ.

ಒಂದೂವರೆ ತಾಸಿನ ಮೇಲೆ ತುಕಾರಾಮ ಬಾಯಿ ಬಿಟ್ಟ. "ಮೂರ್ ದಿನ ಮುಂಜಾನೆ ಬಿಡ್ತೇನಿ, ಐದಕ್ಕ. ಉಳದ ದಿನ ಸಂಜಿಗಿ. ಮುಂಜಾನೆ ನೀರ್ ಬಂದ ದಿನ ಸಂಜಿಗಿ ಸಾಲಿ ಇಡ್ರಿ." ಅಷ್ಟೇ. ವಾರಕ್ಕೆ ಆರು ದಿನವೆಂದು ನಾನು ಬರೆದದ್ದು ಮೂರೇ ದಿನವಾಯಿತು, ಆದರೆ ಆ ಮೂರು ದಿನವೂ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ದೀಪಾವಳಿಗೆ ಸಂಸ್ಥೆಯವರು ಎಣಿಸಲು ಬಂದಾಗ ಹದಿನಾರು ಜನರಿದ್ದರು. ಕೇಂದ್ರ ಉಳಿಯಿತು. ಕಮಲಾಬಾಯಿ ಬರೆದ ಆ ಠರಾವಿನ ಪುಟದಲ್ಲಿ ಹನ್ನೊಂದು ಕಡೆ ಗೀಟಿದೆ. ನಾನು ಒಂದನ್ನೂ ತಿದ್ದಿಲ್ಲ.

ಇದೆಲ್ಲ ಕಲಿತುಕೊಂಡೆ ಎಂಬ ಹಮ್ಮಿನಲ್ಲಿ ಔರಾದಿಗೂ ಖಾಲಿ ಪುಟವನ್ನೇ ಒಯ್ದೆ. ಅಲ್ಲಿಯ ಸಮಿತಿಯವರು ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುವ ಗಟ್ಟಿ ಜನ. ಪುಟ ನೋಡಿದರು, ನನ್ನನ್ನು ನೋಡಿದರು. "ಇದೇನ್ರಿ ಟೀಚರ್, ಅಷ್ಟು ದೂರದಿಂದ ಬಂದೀರಿ, ಏನೂ ತಯಾರಿ ಮಾಡ್ಕೊಂಡ್ ಬಂದಿಲ್ಲ? ಏನಾರ ಬರಕೊಂಡ್ ಬಂದಿದ್ರ ನಾವು ಬ್ಯಾಡ ಅಂತಿದ್ದಿವಿ!" ಎಂದರು ಒಬ್ಬರು, ಬೇಸರದಿಂದ. ಒಂದೊಂದು ಊರಿಗೆ ಒಂದೊಂದು ಗುಣ. ಅಲ್ಲಿಗೆ ಈಗಲೂ ನಾನು ಏನಾದರೂ ಬರೆದುಕೊಂಡೇ ಹೋಗುತ್ತೇನೆ. ಅವರು ಸಂತೋಷದಿಂದ ಅದನ್ನು ಹೊಡೆದುಹಾಕುತ್ತಾರೆ, ಆಮೇಲೆ ಕೆಲಸ ಸುಸೂತ್ರವಾಗಿ ನಡೆಯುತ್ತದೆ.

ಭಾತಂಬ್ರಾದ ಮಾತು ಮುಗಿದಿಲ್ಲ. ಚಳಿಗಾಲದಲ್ಲಿ ಪರೀಕ್ಷೆಯ ಫಾರಂ ತುಂಬುವ ದಿನ ಬಂತು. ನಾನು ಕಮಲಾಬಾಯಿಗೆ ಬೀಜಗಣಿತ ಹೇಳಿಕೊಡುತ್ತಿದ್ದೆ. ಲೆಕ್ಕದಲ್ಲಿ ಅವಳು ಕಚ್ಚಾ. ಮುನ್ನೂರು ಮಕ್ಕಳಿಗೆ ಎಷ್ಟು ಬೇಳೆ ಎಂದರೆ ಕಣ್ಣಳತೆಯಲ್ಲಿ ಹೇಳುತ್ತಾಳೆ. X ಎಂದು ಬರೆದರೆ ಸಾಕು, ಬೆವರುತ್ತಾಳೆ. ಮೂವತ್ತು ವರ್ಷ ಕಲಿಸಿದ ಕಣ್ಣು ನನ್ನದು. ಈ ವರ್ಷ ಇವಳು ಗಣಿತದಲ್ಲಿ ಪಾಸಾಗುವುದಿಲ್ಲವೆಂದು ನನಗೆ ಖಚಿತವಾಯಿತು. ಮೊದಲ ಸಲವೇ ನಪಾಸಾದರೆ ಎದೆ ಒಡೆದು ಮತ್ತೆ ಪುಸ್ತಕ ಮುಟ್ಟುವುದಿಲ್ಲ. ಒಂದು ವರ್ಷ ತಡೆದು ಕಟ್ಟಿದರೆ ಒಳ್ಳೆಯದು. ಅವಳಿಗೂ ಹಾಗೆಯೇ ಹೇಳಿದೆ. ಅವಳು ನೆಲ ನೋಡುತ್ತ "ಹೂಂ ರಿ" ಎಂದಳು. ಶನಿವಾರದ ಸಭೆಯಲ್ಲಿ ಎಲ್ಲರಿಗೂ ತಿಳಿಸೋಣ ಎಂದುಕೊಂಡೆ. ಪುಸ್ತಕದಲ್ಲಿ ಬರೆಯಲಿಲ್ಲ, ಸತ್ಯವಾಗಿಯೂ. ತಲೆಯಲ್ಲಿ ಮಾತ್ರ ಬರೆದಿಟ್ಟುಕೊಂಡಿದ್ದೆ.

ಶನಿವಾರ ಹೋದರೆ ವಿಹಾರದ ಹಾಲಿನಲ್ಲಿ ಯಾರೂ ಇಲ್ಲ. ಕಾಕಾ ಒಬ್ಬರೇ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದರು.

"ಸಭಾ ನಿನ್ನೆನೇ ಆತ್ರಿ ಟೀಚರ್," ಎಂದರು.

"ನಿನ್ನೆ? ನನ್ನ ಬಿಟ್ಟು?"

"ಹೂಂ ರಿ. ನಿಮ್ಮನ್ನ ಕರದಿದ್ರ ನೀವು ಕಮಲಾಗ ಈ ವರ್ಷ ಬ್ಯಾಡ ಅಂತಿದ್ರಿ. ನೀವು ಬ್ಯಾಡ ಅಂದ ಮ್ಯಾಲ ನಿಮ್ಮ ಮುಂದ ನಾವು ಹ್ಯಾಂಗ ಅಲ್ಲ ಅನ್ನಾದ್ರಿ? ಅದಕ್ಕ ಹಿಂದೇ ಮುಗಿಸಿದಿವಿ. ಫಾರಂ ತುಂಬ್ಯಾರ. ಪರೀಕ್ಷಾ ಆರೂ ದಿನ ಅಕಿ ಬದಲಿ ಸಾಲ್ಯಾಗ ಅಡಗಿ ಯಾರ್ ಮಾಡಬೇಕು ಅಂತ ಪಾಳಿ ಹಚ್ಚೀವಿ. ಹೆಡ್ಮಾಸ್ತರರೂ ಹೂಂ ಅಂದಾರ. ಅವತ್ತ ನೀರೂ ಅಕಿ ಮನಿಗಿ ಬ್ಯಾರೆಯವರ ತುಂಬತಾರ."

ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ, ಬಹಳ ಬಂತು. ಗಣಿತ ನಾನು ಕಲಿಸಿದ್ದೋ ಇವರು ಕಲಿಸಿದ್ದೋ? ನಪಾಸಾದರೆ ಅವಳ ಕಣ್ಣೀರು ಯಾರು ಒರೆಸುತ್ತಾರೆ? ಇಷ್ಟೆಲ್ಲ ಅನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಒಂದು ಮಾತು ಹೊಳೆಯಿತು. ಮೂರು ಊರುಗಳಲ್ಲಿ ಒಂದೂವರೆ ವರ್ಷದಿಂದ ಕಟ್ಟಲು ಒದ್ದಾಡಿದ ಸಮಿತಿ ನಿನ್ನೆ ನಾನಿಲ್ಲದಾಗ ತಾನೇ ಕಟ್ಟಿಕೊಂಡಿತ್ತು. ಅದರ ಮೊದಲ ಕೆಲಸ ನನಗೆ ಇಲ್ಲ ಅನ್ನುವುದಾಗಿತ್ತು. ಕಾಕಾ ಪೇಪರು ಮಡಿಚಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಕುಳಿತೆ. ಸಿಟ್ಟು ಇಳಿಯಲು ಭಾಲ್ಕಿಯ ಎರಡು ಬಸ್ಸು ಹೋಗಬೇಕಾಯಿತು.

ಪರೀಕ್ಷೆಯ ಆರೂ ದಿನ ಕಮಲಾಬಾಯಿ ಭಾಲ್ಕಿಗೆ ಹೋಗಿ ಬರೆದು ಬಂದಳು. ಒಂದು ದಿನವೂ ಶಾಲೆಯ ಒಲೆ ಆರಲಿಲ್ಲ. ಸಾರಿಗೆ ಉಪ್ಪು ಒಂದೊಂದು ದಿನ ಒಂದೊಂದು ತರಹ ಇತ್ತೆಂದು ಮಕ್ಕಳು ದೂರಿದರಂತೆ.

ಫಲಿತಾಂಶ ಬಂದ ದಿನ ನಾನು ಬೀದರಿನಿಂದ ಬೆಳಿಗ್ಗೆಯೇ ಹೊರಟೆ. ಮೊಬೈಲಿನಲ್ಲಿ ನೋಡಿಯಾಗಿತ್ತು. ಆರರಲ್ಲಿ ಐದು ಪಾಸು. ಗಣಿತ ನಪಾಸು. ನನ್ನ ಲೆಕ್ಕ ತಪ್ಪಿರಲಿಲ್ಲ. ಆದರೆ ಸರಿಯಾದ ಲೆಕ್ಕದಿಂದ ಇಷ್ಟು ಸಂಕಟವಾದದ್ದು ನನ್ನ ಜೀವನದಲ್ಲಿ ಅದೇ ಮೊದಲು. ದಾರಿಯುದ್ದಕ್ಕೂ ಅವಳಿಗೆ ಹೇಳಬೇಕಾದ ಸಮಾಧಾನದ ಮಾತು ಜೋಡಿಸುತ್ತ ಹೋದೆ.

ಶಾಲೆಗೆ ರಜೆ. ಕಮಲಾಬಾಯಿ ಮನೆಯ ಮುಂದೆ ಒಲೆ ಹೂಡಿ ದೊಡ್ಡ ಪಾತ್ರೆಯಲ್ಲಿ ಶಿರಾ ಕೆದಕುತ್ತಿದ್ದಳು. ಅಂಗಳ ತುಂಬ ಸಮಿತಿ. ತುಕಾರಾಮ ಎಲೆ ಹಾಸುತ್ತಿದ್ದ. ಯಾರ ಮುಖದಲ್ಲೂ ನಾನು ತಂದ ಸಮಾಧಾನಕ್ಕೆ ಜಾಗವಿರಲಿಲ್ಲ.

"ಕಮಲಾ, ಗಣಿತದ್ದು..." ಎಂದು ನಾನು ಶುರುಮಾಡಿದೆ.

"ಹೋಗ್ಯಾದ್ರಿ ಟೀಚರ್, ನೀವ್ ಹೇಳಿದಂಗೇ ಹೋಗ್ಯಾದ," ಎಂದಳು ಅವಳು, ಸವುಟು ನಿಲ್ಲಿಸದೆ. "ಐದ್ ಬಂದಾವಲ್ರಿ? ನಿಮ್ಮ ಮಾತ್ ಕೇಳಿದ್ರ ಐದೂ ಬರ್ತಿದ್ದಿಲ್ಲ. ಗಣಿತ ಒಂದಕ್ಕ ಎರಡನೇ ಪರೀಕ್ಷಾ ಅದಂತ. ಗಣಿತ ಹೋಗ್ತದಂತ ನೀವ್ ಮೊದಲ ಹೇಳಿದ್ರಲ್ರಿ, ಅದಕ್ಕ ನಿನ್ನೆನೇ ಎಲ್ಲಾರೂ ಕುಂತು ಮಾತಾಡಿವ್ರಿ. ದಿನಾ ಮುಂಜಾನೆ ನೀವು ಬೀದರಿಂದ ಬಂದು ಕಲಸಬೇಕು, ಒಂದ್ ದಿನಾನೂ ತಪ್ಪಬಾರದು ಅಂತ ಆಗ್ಯಾದ."

"ಯಾರ್ ಅಂದ್ರು ಹಂಗ?"

"ಸಮಿತಿ ಅಂದದರಿ," ಎಂದರು ಹಿಂದಿನಿಂದ ಗೌತಮರಾವ್ ಕಾಕಾ. ಈ ಸಲ ಅವರು ತಲೆ ತಗ್ಗಿಸಿರಲಿಲ್ಲ. "ನೀವು ಕಲಸಾಕ ಬರ್ರಿ ಟೀಚರ್. ಸಲಹಾ ನಾವ್ ಕೊಡ್ತೇವಿ."

ಮರುದಿನ ಮುಂಜಾನೆ ಆರರ ಬಸ್ಸಿಗೆ ಹೋದೆ.